ಸಾಂದರ್ಭಿಕ ಮಾಮ

ನಮ್ಮ ಮಾಮನ ಮುಖವನ್ನು ಪತ್ರಿಕೆ ಓದುವವರು ಯಾರೂ ನೋಡಿಲ್ಲ, ಬೆನ್ನನ್ನು ಮಾತ್ರ ಎಲ್ಲರೂ ನೋಡಿದ್ದಾರೆ. ಬ್ಯಾಂಕ್ ಗ್ರಾಹಕರಿಗೆ ಟೋಪಿ ಹಾಕಿದ ಸೈಬರ್ ಕಳ್ಳ ಅವನೇ. ಪ್ರಶ್ನೆಪತ್ರಿಕೆ ಸೋರಿಕೆ ಮಾಡಿದ ಅಪರಿಚಿತನೂ ಅವನೇ. ಬೆನ್ನುನೋವಿಗೆ ಏಳು ಸರಳ ವ್ಯಾಯಾಮ ಎಂಬ ಲೇಖನದ ಪಕ್ಕದಲ್ಲಿ ಸೊಂಟ ಹಿಡಿದುಕೊಂಡು ನಿಂತವನು, ಮಾನಸಿಕ ಒತ್ತಡ ತಾಳಲಾರದೆ ಕಿಟಕಿಯತ್ತ ತಿರುಗಿ ಕೂತವನು, ಸಾಲುಗಟ್ಟಿ ನಿಂತ ಮತದಾರರಲ್ಲಿ ಕೊನೆಯವನು, ಎಲ್ಲ ಅವನೇ. ಬಾಣಂತಿಯರ ಆರೈಕೆಯ ಲೇಖನದಲ್ಲೂ ಒಮ್ಮೆ ಅವನ ಕೈ ಬಂದಿತ್ತು, ಬಳೆ ಅಮ್ಮನದು. ಪ್ರತಿ ಚಿತ್ರದ ಕೆಳಗೂ ಇರುವೆ ಗಾತ್ರದ ಅಕ್ಷರದಲ್ಲಿ 'ಸಾಂದರ್ಭಿಕ ಚಿತ್ರ' ಎಂದು ಬರೆದಿರುತ್ತಿತ್ತು. ಆಫೀಸಿನಲ್ಲಿ ಅವನಿಗೆ ಸಾಂದರ್ಭಿಕ ಎಂದೇ ಹೆಸರು ಬಿತ್ತು. ಆ ಹೆಸರು ಅವನ ಹಿಂದೆಯೇ ಮನೆಗೂ ಬಂತು.

ಮಾಮ ಎಂದರೆ ಅಮ್ಮನ ತಮ್ಮ. ಕತ್ತರಿ, ಗೋಂದು ಹಿಡಿದು ಪುಟ ಅಂಟಿಸುತ್ತಿದ್ದ ಕಾಲದಲ್ಲಿ ಪತ್ರಿಕೆಗೆ ಸೇರಿದವನು, ಕಂಪ್ಯೂಟರ್ ಬಂದ ಮೇಲೂ ಅದೇ ಕುರ್ಚಿಯಲ್ಲಿ ಉಳಿದವನು. ಪುಟ ಕಟ್ಟುವುದು, ಪುಟದಲ್ಲಿ ತೂತು ಬಿದ್ದರೆ ಚಿತ್ರ ಹಾಕಿ ಮುಚ್ಚುವುದು ಅವನ ಕೆಲಸ. ಮೊದಮೊದಲು ಯಾವುದೋ ಕಂಪನಿಯಿಂದ ಚಿತ್ರ ಕೊಳ್ಳುತ್ತಿದ್ದರು. ಮ್ಯಾನೇಜರು ಅದನ್ನು ನಿಲ್ಲಿಸಿ, ನಮ್ಮಲ್ಲೇ ಕ್ಯಾಮೆರಾ ಇದೆಯಲ್ಲ ಎಂದರು. ಕ್ಯಾಮೆರಾ ಇತ್ತು, ಅದರ ಮುಂದೆ ನಿಲ್ಲುವವರು ಇರಲಿಲ್ಲ. ಹೀಗೆ ಮಾಮ ಟೈಮರ್ ಒತ್ತಿ ಓಡಿಹೋಗಿ ತಾನೇ ನಿಲ್ಲುವುದು ಶುರುವಾಯಿತು.

ಅವನಿಗೆ ಒಂದೇ ನಿಯಮ. ಮುಖ ಇದ್ದರೆ ಸುದ್ದಿ, ಬೆನ್ನಿದ್ದರೆ ಸಾಂದರ್ಭಿಕ. ಇದು ಆಕಾಶದಿಂದ ಉದುರಿದ ನಿಯಮವಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಜೇಬುಗಳ್ಳರ ಬಗ್ಗೆ ವರದಿ ಬಂದಿತ್ತು. ಮಾಮ ಹಳೆಯ ಚಿತ್ರಗಳ ಡಬ್ಬಿಯಿಂದ ಮಾರುಕಟ್ಟೆಯ ಗುಂಪಿನ ಫೋಟೋ ತೆಗೆದು ಹಾಕಿದ. ಎರಡು ದಿನ ಬಿಟ್ಟು ಅದರಲ್ಲಿದ್ದ ಒಬ್ಬ ಮನುಷ್ಯ ಹೆಂಡತಿಯನ್ನು ಕರೆದುಕೊಂಡು ಆಫೀಸಿಗೆ ಬಂದ. ಜಗಳ ಆಡಲಿಲ್ಲ. "ಇದು ನಾನು. ಅವತ್ತು ಚಪ್ಪಲಿ ಕೊಳ್ಳೋಕೆ ಹೋಗಿದ್ದೆ, ಇವಳಿಗೆ ಹೇಳಿ" ಅಂದ. ಮಾಮ ಹೇಳಿದ. ಆಕೆ ನಂಬಿದಳೋ ಬಿಟ್ಟಳೋ ಗೊತ್ತಾಗಲಿಲ್ಲ. ಅವತ್ತಿನಿಂದ ಮಾಮ ಯಾರ ಮುಖವನ್ನೂ ಸುಮ್ಮಸುಮ್ಮನೆ ಪುಟಕ್ಕೆ ಹಾಕಲಿಲ್ಲ, ತನ್ನದನ್ನೂ ಸೇರಿ.

ಅವನು ಮದುವೆಯಾಗಲಿಲ್ಲ, ನಮ್ಮ ಜೊತೆಯೇ ಇದ್ದ. ಅಪ್ಪ ತೀರಿಕೊಂಡ ಮೇಲೆ ಅಮ್ಮ ಮನೆಯ ಮುಂದಿನ ಕೋಣೆಯಲ್ಲಿ ಕೂಸಿನಮನೆ ನಡೆಸುತ್ತಿದ್ದಳು. ಕೆಲಸಕ್ಕೆ ಹೋಗುವ ತಂದೆತಾಯಿ ಬೆಳಿಗ್ಗೆ ಮಗುವನ್ನು ತಂದು ಬಿಟ್ಟು ಸಂಜೆ ಕರೆದುಕೊಂಡು ಹೋಗುವರು. ಗೋಡೆಗೆ ಮಕ್ಕಳ ಎತ್ತರಕ್ಕೆ ಮೊಳೆ ಹೊಡೆದು ಚೀಲ ನೇತುಹಾಕಿದ್ದಳು. ನೆಲಕ್ಕೆಲ್ಲ ಚಾಪೆ. ಮಧ್ಯಾಹ್ನ ನಿದ್ದೆ ಮಾಡಲಿ ಎಂದು ಕಿಟಕಿಗೆ ದಪ್ಪ ಬಟ್ಟೆಯ ಪರದೆ, ಅದರ ಅಂಚಿಗೆ ಹಳದಿ ಬಾತುಕೋಳಿಗಳ ಸಾಲು. ಬಾತುಕೋಳಿಗಳನ್ನು ಅಮ್ಮನೇ ಕತ್ತರಿಸಿ ಹೊಲಿದಿದ್ದು. ಒಂದಕ್ಕೆ ಕಣ್ಣು ಹೊಲಿಯುವುದು ಮರೆತಿದ್ದಳು, ಮಕ್ಕಳು ಅದನ್ನು ಮಲಗಿರೋ ಬಾತು ಎನ್ನುತ್ತಿದ್ದವು. ಅಮ್ಮನ ಫೋನಿನಲ್ಲಿ ದೊಡ್ಡವರಿಗೆ ಯಾರಿಗೂ ಸ್ವಂತ ಹೆಸರಿರಲಿಲ್ಲ. ಗುಂಡನ ಅಪ್ಪ, ಚಿನ್ನಿಯ ಅಮ್ಮ, ಗುಬ್ಬಿಯ ಅಮ್ಮ, ಹೀಗೆ. ಮಕ್ಕಳಿಂದಲೇ ದೊಡ್ಡವರಿಗೆ ಹೆಸರು ಬರುವ ಜಾಗ ಅದು.

ಮುಂದೆ ಪ್ರಸಿದ್ಧವಾದ ಒಂದು ಚಿತ್ರ ತೆಗೆದದ್ದು ಅದೇ ಕೋಣೆಯಲ್ಲಿ. ಕಂಪ್ಯೂಟರ್ ಅಂಕಣಕ್ಕೆ ಒಬ್ಬ ಹ್ಯಾಕರ್ ಬೇಕಾಗಿದ್ದ. ಮಕ್ಕಳು ಮಲಗಿದ್ದ ಹೊತ್ತಿನಲ್ಲಿ ಮಾಮ ಬೂದು ಬಣ್ಣದ ಟೋಪಿಯಿರುವ ಸ್ವೆಟರ್ ಹಾಕಿಕೊಂಡು, ಟೋಪಿಯನ್ನು ಹಣೆಯವರೆಗೆ ಎಳೆದು, ನಮ್ಮ ಹಳೆಯ ಕಂಪ್ಯೂಟರಿನ ಮುಂದೆ ಬೆನ್ನು ಬಾಗಿಸಿ ಕೂತ.

"ಮಕ್ಕಳು ಏಳೋ ಹೊತ್ತಾಯ್ತು, ಬೇಗ ಕಳ್ಳತನ ಮುಗಿಸೋ" ಎಂದಳು ಅಮ್ಮ.

ಆಮೇಲೆ ಅವನು ಆಫೀಸಿನಲ್ಲಿ ಆ ಚಿತ್ರದ ಮೇಲೆ ಹಸಿರು ಅಂಕಿಗಳನ್ನೂ ಒಂದು ದೊಡ್ಡ ಬೀಗವನ್ನೂ ಕೂಡಿಸಿದ. ಎಡಗಡೆ ಮೂಲೆಯಲ್ಲಿ ಪರದೆಯ ಅಂಚು ಉಳಿದುಬಿಟ್ಟಿತು. ಚಿತ್ರ ತೆಗೆಯುವ ಹೊತ್ತಿಗೇ ಎದ್ದ ಗುಂಡ ಟೋಪಿ ಹೊದ್ದ ಮಾಮನನ್ನು ನೋಡಿ ಹೆದರಲಿಲ್ಲ, ಕರಡಿ ಎಂದು ಕೇಕೆ ಹಾಕಿದ. ಅವತ್ತಿನಿಂದ ರಜೆ ಇದ್ದಾಗಲೆಲ್ಲ ಮಾಮ ಆ ಸ್ವೆಟರ್ ಹಾಕಿಕೊಂಡು ನಾಲ್ಕು ಕಾಲಲ್ಲಿ ಓಡಾಡಬೇಕಾಯಿತು. ದೇಶಕ್ಕೆ ಹ್ಯಾಕರ್, ಮಕ್ಕಳಿಗೆ ಕರಡಿ.

ಹೀಗಿರುವಾಗ ದೂರದ ಒಂದು ಊರಿನ ರೈಲು ನಿಲ್ದಾಣದಲ್ಲಿ ಬಾಂಬು ಸಿಡಿದು ಜನ ಸತ್ತರು. ಅದರಲ್ಲಿ ತಮಾಷೆ ಏನೂ ಇಲ್ಲ, ನಾನು ಮಾಡುವುದೂ ಇಲ್ಲ. ತಮಾಷೆ ಶುರುವಾದದ್ದು ಮರುದಿನದ ಪತ್ರಿಕೆಯಲ್ಲಿ. ಮುಖಪುಟದಲ್ಲಿ ಮಾಮನ ಬೆನ್ನು. ಮೇಲೆ 'ಉಗ್ರರ ಕೈಯಲ್ಲಿ ಗೂಢಲಿಪಿ ಅಸ್ತ್ರ?' ಎಂಬ ತಲೆಬರಹ. ಕೊನೆಯಲ್ಲಿ ಪ್ರಶ್ನೆಚಿಹ್ನೆ ಇತ್ತು, ಸುಳ್ಳು ಹೇಳಬಾರದು. ಮಧ್ಯಾಹ್ನದೊಳಗೆ ಟಿವಿಯವರು ಆ ಚಿತ್ರವನ್ನು ಎತ್ತಿಕೊಂಡರು. ಎತ್ತುವಾಗ ಪ್ರಶ್ನೆಚಿಹ್ನೆ ಕೆಳಗೆ ಬಿತ್ತು, 'ಸಾಂದರ್ಭಿಕ ಚಿತ್ರ' ಎನ್ನುವುದೂ ಬಿತ್ತು. ಸಂಜೆಗೆ ಅದು 'ಉಗ್ರನ ಅಡಗುತಾಣದ ಮೊದಲ ಚಿತ್ರ' ಆಗಿತ್ತು. ಬಾತುಕೋಳಿಗಳ ಸುತ್ತ ಕೆಂಪು ವೃತ್ತ ಎಳೆದಿದ್ದರು. ಕೋಟು ತೊಟ್ಟ ತಜ್ಞರೊಬ್ಬರು ಕೋಲು ಹಿಡಿದು, ಈ ಆಕೃತಿಗಳು ಸುಮ್ಮನೆ ಬಂದಿರುವಂಥವಲ್ಲ, ಒಂದಕ್ಕೆ ಕಣ್ಣಿಲ್ಲದಿರುವುದನ್ನು ಗಮನಿಸಿ ಎಂದರು.

ಅಮ್ಮ ಗಮನಿಸಿದಳು. "ಒಂದು ಕಣ್ಣು ಹೊಲಿಯೋಕೆ ಎಷ್ಟು ಹೊತ್ತು, ಅವತ್ತೇ ಹೊಲಿದುಬಿಡಬೇಕಿತ್ತು" ಎಂದಳು.

ನಾವು ನಕ್ಕೆವು. ಅದೇ ಹೊತ್ತಿಗೆ ಊರಿನ ಇನ್ನೊಂದು ಮನೆಯಲ್ಲಿ ಊಟಕ್ಕೆ ಕೂತ ಗುಂಡ ಟಿವಿಗೆ ಬೆರಳು ತೋರಿಸಿ "ಕರಡಿ ಮಾಮ" ಎಂದ. ಮಕ್ಕಳು ಸುಳ್ಳು ಹೇಳುವುದಿಲ್ಲ ಎಂದು ಎಲ್ಲರಿಗೂ ಗೊತ್ತು. ಗುಂಡನ ಅಪ್ಪ ಚಮಚ ಕೆಳಗಿಟ್ಟ.

ಈ ಗುಂಡನ ಅಪ್ಪನ ಬಗ್ಗೆ ಒಂದು ಮಾತು. ವಿಮಾ ಕಚೇರಿಯಲ್ಲಿ ಕೆಲಸ, ಕೆಟ್ಟವನಲ್ಲ. ಪತ್ರಿಕೆಯನ್ನು ಮೊದಲ ಪುಟದ ತಲೆಯಿಂದ ಕೊನೆಯ ಪುಟದ ಬುಡದವರೆಗೆ ಓದುವವನು. ಅಚ್ಚಾದದ್ದೆಲ್ಲ ನಿಜ, ಇಲ್ಲದಿದ್ದರೆ ಯಾಕೆ ಅಚ್ಚು ಹಾಕುತ್ತಾರೆ ಎನ್ನುವುದು ಅವನ ನಂಬಿಕೆ. ಇಂಥವರಿಂದಲೇ ಪತ್ರಿಕೆ ನಡೆಯುವುದು, ನಮ್ಮ ಮಾಮನ ಸಂಬಳವೂ ಬರುವುದು.

ಮರುದಿನ ಕೆಲವು ಮೊಳೆಗಳು ಖಾಲಿ ಇದ್ದವು. ಒಬ್ಬರ ಮಗುವಿಗೆ ನೆಗಡಿ, ಇನ್ನೊಬ್ಬರ ಮನೆಗೆ ಅಜ್ಜಿ ಬಂದಿದ್ದಾರೆ, ಮತ್ತೊಬ್ಬರಿಗೆ ಇದ್ದಕ್ಕಿದ್ದಂತೆ ರಜೆ. ಅದರ ಮರುದಿನ ಇನ್ನಷ್ಟು ನೆಗಡಿ. ಅಮ್ಮ ಪಾಪ, ನಂಬಿ ಎಲ್ಲರಿಗೂ ಕಷಾಯ ಹೇಳಿಕೊಟ್ಟಳು. ಅವಳಿಲ್ಲದ ಇನ್ನೊಂದು ಗುಂಪನ್ನು ಫೋನಿನಲ್ಲಿ ಕಟ್ಟಿಕೊಂಡು ಅವರೆಲ್ಲ ಮಾತಾಡುತ್ತಿದ್ದರೆಂದು ನಮಗೆ ಆಮೇಲೆ ಗೊತ್ತಾಯಿತು. ಕೂಸಿನಮನೆಯ ಗುಂಪಿನ ತುದಿಯಲ್ಲಿ ಬೀಗದ ಗುರುತು ಇದೆ, 'ಈ ಸಂದೇಶಗಳನ್ನು ಹೊರಗಿನವರು ಓದಲಾಗದು' ಎಂದು ಬರೆದಿದೆ, ಟಿವಿಯವರು ಗೂಢಲಿಪಿ ಎಂದು ತೋರಿಸಿದ ಬೀಗ ಇದೇ ಎಂದು ಚಿನ್ನಿಯ ಅಮ್ಮ ಕಂಡುಹಿಡಿದಿದ್ದಳು. ಅದನ್ನು ಅವಳು ಬರೆದ ಗುಂಪಿನ ತಲೆಯ ಮೇಲೂ ಅದೇ ಬೀಗ ಇತ್ತು. ಅದನ್ನು ಯಾರೂ ನೋಡಲಿಲ್ಲ.

ಕೊನೆಗೆ ಗುಂಡನ ಅಪ್ಪ ಗುಂಡನಿಲ್ಲದೆ ಬಂದ. ಕೈಯಲ್ಲಿ ನಮ್ಮ ಮಾಮನದೇ ಪತ್ರಿಕೆ. ಚಪ್ಪಲಿ ಬಿಡಲಿಲ್ಲ, ಕೂರಲೂ ಇಲ್ಲ.

"ಅಕ್ಕ, ತಪ್ಪು ತಿಳ್ಕೋಬೇಡಿ. ಇದರಲ್ಲಿ ಅನುಮಾನ ಬಂದ್ರೆ ಏನೇನು ನೋಡ್ಬೇಕು ಅಂತ ಕೊಟ್ಟಿದಾರೆ. ಹಗಲು ಹೊತ್ತಲ್ಲೂ ಪರದೆ ಎಳೆದಿರ್ತಾರೆ ಅಂತಿದೆ."

"ಮಕ್ಕಳು ಮಲಗ್ತವೆ."

"ಬೇರೆ ಬೇರೆ ಜನ ಬಂದು ಹೋಗ್ತಿರ್ತಾರೆ, ಹೆಚ್ಚು ಹೊತ್ತು ನಿಲ್ಲಲ್ಲ ಅಂತಿದೆ."

"ನೀವೇ ಅಲ್ವೇನಪ್ಪ ಬಂದು ಹೋಗೋದು?"

ಅವನು ಸ್ವಲ್ಪ ಯೋಚಿಸಿ ಮುಂದಿನ ಸಾಲಿಗೆ ಹೋದ. "ಕಳಿಸಿದ ಸಂದೇಶ ತಾನಾಗೇ ಅಳಿಸಿ ಹೋಗುತ್ತೆ ಅಂತಿದೆ. ನಮ್ಮ ಗುಂಪಲ್ಲೂ ಹಾಗೇ ಆಗುತ್ತೆ. ನೀವು ಹಾಕೋ ಮಕ್ಕಳ ಫೋಟೋ ಒಂದು ದಿನ ಇರುತ್ತೆ, ಆಮೇಲೆ ಮಾಯ. ಯಾಕಕ್ಕ?"

ಅಮ್ಮ ಮಡಚುತ್ತಿದ್ದ ಟವೆಲನ್ನು ಇನ್ನೊಂದು ಸಲ ಮಡಚಿದಳು. "ಹೇಳೋಕಾಗಲ್ಲಪ್ಪ" ಎಂದಳು.

ಇದಕ್ಕಿಂತ ಕೆಟ್ಟ ಉತ್ತರ ಹುಡುಕಿದರೂ ಸಿಗುತ್ತಿರಲಿಲ್ಲ. ಸುಳ್ಳು ಹೇಳಿದ್ದರೂ ನಡೆಯುತ್ತಿತ್ತು, ಫೋನಿನಲ್ಲಿ ಜಾಗ ಇಲ್ಲ ಎಂದಿದ್ದರೆ ಸಾಕಿತ್ತು. ಅಮ್ಮನಿಗೆ ಸುಳ್ಳು ತಕ್ಷಣ ಬರುವುದಿಲ್ಲ, ಅದಕ್ಕೆ ಅವಳಿಗೆ ಅರ್ಧ ಗಂಟೆ ಬೇಕು.

ನಿಜ ಹೀಗಿತ್ತು. ಗುಬ್ಬಿಯ ಅಮ್ಮ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದಳು. ಹೊಡೆಯುವ ಗಂಡನನ್ನು ಬಿಟ್ಟು ಮಗುವನ್ನು ಎತ್ತಿಕೊಂಡು ಬೇರೆ ಊರಿಂದ ಬಂದವಳು. ಮೊದಲು ಒಂದು ಕಡೆ ಮನೆ ಮಾಡಿದ್ದಾಗ ಯಾರೋ ಮಗುವಿನ ಹುಟ್ಟುಹಬ್ಬದ ಫೋಟೋ ಕಳಿಸಿದ್ದರು, ಅದು ಕೈಯಿಂದ ಕೈಗೆ ಹೋಗಿ ಅವನನ್ನು ಮುಟ್ಟಿತು, ಅವನು ಹುಡುಕಿಕೊಂಡು ಬಂದು ಬಾಗಿಲು ಒಡೆದ. ಇಲ್ಲಿಗೆ ಬಂದ ದಿನ ಅವಳು ಅಮ್ಮನ ಕೈಹಿಡಿದು ಕೇಳಿಕೊಂಡದ್ದು ಎರಡೇ. ಫೋಟೋ ಎಲ್ಲೂ ಉಳಿಯಬಾರದು. ಯಾಕೆ ಎಂದು ಯಾರಿಗೂ ಗೊತ್ತಾಗಬಾರದು. ಅಮ್ಮ ನನ್ನನ್ನು ಕರೆದು, ಫೋನಿನಲ್ಲಿ ಅದೇನೋ ಮಾಯವಾಗೋ ಥರ ಮಾಡೋಕೆ ಬರುತ್ತಂತಲ್ಲ, ಮಾಡಿಕೊಡು ಎಂದಳು. ಕಾರಣ ನನಗೆ ಆಗ ಹೇಳಲಿಲ್ಲ, ಮಾಮನಿಗೂ ಹೇಳಲಿಲ್ಲ.

ಗುಂಡನ ಅಪ್ಪ ಹೋದ ಸ್ವಲ್ಪ ಹೊತ್ತಿಗೆ ಅಮ್ಮನ ಫೋನು ಕುಂಯ್ ಎಂದಿತು. 'ಗುಂಡನ ಅಪ್ಪ ಮಾಯವಾಗುವ ಸಂದೇಶಗಳನ್ನು ನಿಲ್ಲಿಸಿದ್ದಾರೆ' ಎಂಬ ಸಾಲು. ಆ ಗುಂಪಿನಲ್ಲಿ ಯಾರು ಬೇಕಾದರೂ ಅದನ್ನು ಬದಲಾಯಿಸಬಹುದಿತ್ತು. ಅಮ್ಮ ಜಗಳಕ್ಕೆ ಹೋಗಲಿಲ್ಲ, ಫೋಟೋ ಹಾಕುವುದನ್ನೇ ನಿಲ್ಲಿಸಿದಳು. ಈಗ ಫೋಟೋ ಯಾಕೆ ಹಾಕುತ್ತಿಲ್ಲ ಎಂಬ ಹೊಸ ಅನುಮಾನ ಹುಟ್ಟಿತು. ವಾರದ ಕೊನೆಗೆ ಗೋಡೆಯ ಮೊಳೆಗಳಲ್ಲಿ ಒಂದೇ ಚೀಲ ಉಳಿದಿತ್ತು, ಗುಬ್ಬಿಯದು. ಅಷ್ಟು ದೊಡ್ಡ ಕೋಣೆಯಲ್ಲಿ ಗುಬ್ಬಿ ಒಬ್ಬಳೇ ಕೂತು ಎಲ್ಲ ಕುರ್ಚಿಗಳಿಗೂ ಊಟ ಬಡಿಸುವ ಆಟ ಆಡುತ್ತಿದ್ದಳು. ತಿಂಗಳು ಹೀಗೇ ಕಳೆದರೆ ಕೂಸಿನಮನೆ ಮುಚ್ಚಬೇಕು ಎಂದು ಅಮ್ಮ ನನಗೆ ಹೇಳಲಿಲ್ಲ. ಚಾಪೆಗಳನ್ನು ಒಗೆದು ಸುತ್ತಿ ಅಟ್ಟಕ್ಕೆ ಹಾಕಿದಳು, ಅಷ್ಟರಲ್ಲೇ ನನಗೆ ಗೊತ್ತಾಯಿತು.

ಮಾಮ ಪರದೆಯನ್ನು ಕಿತ್ತುಹಾಕೋಣ ಎಂದ.

"ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಹಾಗಾಗುತ್ತೆ, ಸುಮ್ನಿರು" ಎಂದಳು ಅಮ್ಮ.

ಮಾಮ ಸುಮ್ಮನಿರಲಿಲ್ಲ. ಅವನಿಗೆ ಒಂದು ಯೋಚನೆ ಹೊಕ್ಕಿತ್ತು. ಚಿತ್ರದಲ್ಲಿರುವ ಉಗ್ರ ತಾನೇ ಎಂದ ಮೇಲೆ, ಅದರ ಕೆಳಗಿನ ಅಕ್ಷರದಲ್ಲಿರುವ ಗೂಢಲಿಪಿ ಯಾರದು? ಇಷ್ಟು ವರ್ಷ ಅವನು ಸುದ್ದಿಯನ್ನು ಓದಿದವನಲ್ಲ, ಅಳೆದವನು. ಎಷ್ಟು ಉದ್ದ, ಎಷ್ಟು ಅಗಲ, ಎಲ್ಲಿ ಕತ್ತರಿಸಬೇಕು, ಅಷ್ಟೇ. ಈಗ ಮೊದಲ ಬಾರಿಗೆ ಓದಲು ಕೂತ. ಓದಿ ಮುಗಿಸಿ ಅಪರಾಧ ವರದಿಗಾರನ ಮೇಜಿಗೆ ಹೋದ. ಅವನು ಮಾಮನಿಗಿಂತ ಬಹಳ ಚಿಕ್ಕವನು, ಅಣ್ಣ ಎಂದು ಕರೆಯುತ್ತಿದ್ದವನು.

"ಆ ಉಗ್ರರು ಗೂಢಲಿಪಿ ಆ್ಯಪ್ ಬಳಸಿದ್ರು ಅಂತ ಬರೀತಾ ಇದೀಯಲ್ಲ, ಯಾರು ಹೇಳಿದ್ರು?"

"ಮೂಲಗಳು ಅಣ್ಣ."

"ಯಾವ ಮೂಲ?"

"ಟಿವಿಯಲ್ಲೇ ಬಂತಲ್ಲ. ಅಡಗುತಾಣದ ಫೋಟೋನೇ ತೋರಿಸಿದ್ರು."

"ಆ ಫೋಟೋ ನನ್ನದು."

"ಅದು ಗೊತ್ತು ಅಣ್ಣ. ಆದ್ರೆ ಅವರು ವಿಚಾರಿಸದೆ ತೋರಿಸ್ತಾರಾ?"

ಮಾಮ ಟಿವಿಯಲ್ಲಿ ಕೆಲಸ ಮಾಡುವ ಹಳೆಯ ಗೆಳೆಯನಿಗೆ ಫೋನ್ ಮಾಡಿದ. ಗೆಳೆಯ ನಕ್ಕುಬಿಟ್ಟ. ನಿಮ್ಮ ಪೇಪರ್ ನೋಡೇ ನಾವು ಹಾಕಿದ್ದು ಕಣಯ್ಯ, ನಿಮ್ಮದು ಹಳೇ ಪೇಪರ್ರು, ಸುಮ್ನೆ ಬರೆಯಲ್ಲ ಅಂತ ನಂಬಿಕೆ ಎಂದ. ಹಾಗಾದರೆ ಪತ್ರಿಕೆಯಲ್ಲಿ ಮೊದಲ ದಿನ ಅದನ್ನು ಬರೆದವರು ಯಾರು? ಮಾಮ ಅವತ್ತಿನ ವರದಿಯ ಮೊದಲ ಪ್ರತಿ ತೆಗೆಸಿ ನೋಡಿದ. ವರದಿಗಾರ ಕಳಿಸಿದ್ದರಲ್ಲಿ ಗೂಢಲಿಪಿಯ ಮಾತೇ ಇರಲಿಲ್ಲ. 'ಆರೋಪಿಗಳು ಪರಸ್ಪರ ಹೇಗೆ ಸಂಪರ್ಕದಲ್ಲಿದ್ದರು ಎಂಬುದು ತಿಳಿದುಬಂದಿಲ್ಲ' ಎಂದಿತ್ತು, ಮುಗಿಯಿತು. ಮುಂದಿನ ಸಾಲನ್ನು ಸೇರಿಸಿದ್ದು ಉಪಸಂಪಾದಕಿ. ಮಾಮನ ಪಕ್ಕದ ಕುರ್ಚಿಯಲ್ಲೇ ಕೂರುವ, ಮಧ್ಯಾಹ್ನ ಅವನ ಡಬ್ಬಿಯಿಂದಲೇ ತಿನ್ನುವ ಹೆಣ್ಣುಮಗಳು.

"ಮರೆತೋಯ್ತಾ?" ಎಂದಳು ಅವಳು. "ಸ್ಫೋಟದ ಜಾಗದಿಂದ ಫೋಟೋ ಬರೋದು ತಡವಾಯ್ತು. ಮುಖಪುಟದಲ್ಲಿ ತೂತು ಅಂತ ನೀವೇ ಕೂಗಾಡಿ ಆ ಬೀಗದ ಚಿತ್ರ ಹಾಕಿದ್ರಿ. ಚಿತ್ರದಲ್ಲಿ ಬೀಗ ಇದೆ, ವರದಿಯಲ್ಲಿ ಬೀಗದ ಸುದ್ದಿನೇ ಇಲ್ಲ. ಓದೋರು ಬಯ್ಯಲ್ವಾ? ಅದಕ್ಕೆ ಗೂಢಲಿಪಿ ಆ್ಯಪ್ ಬಳಸಿರುವ ಸಾಧ್ಯತೆ ತಳ್ಳಿಹಾಕುವಂತಿಲ್ಲ ಅಂತ ಒಂದು ಸಾಲು ಹಾಕಿದೆ. ಚಿತ್ರಕ್ಕೆ ಹೊಂದಲಿ ಅಂತ."

ಮಾಮ ತನ್ನ ಕುರ್ಚಿಯಲ್ಲಿ ಕೂತ. ಗುಡ್ಡ ಅಗೆದು ಇಲಿ ಹಿಡಿದವರನ್ನು ಕೇಳಿದ್ದೇವೆ. ಇವನು ಗುಡ್ಡ ಅಗೆದು ತನ್ನನ್ನೇ ಹಿಡಿದಿದ್ದ. ಚಿತ್ರಕ್ಕಾಗಿ ಸಾಲು, ಸಾಲಿನಿಂದ ತಲೆಬರಹ, ತಲೆಬರಹದಿಂದ ಟಿವಿ, ಟಿವಿಯಿಂದ ತಜ್ಞರು, ತಜ್ಞರಿಂದ ಮತ್ತೆ ಪತ್ರಿಕೆ. 'ಉನ್ನತ ಮೂಲಗಳು' ಎಂದು ಎಲ್ಲರೂ ಬರೆಯುತ್ತಿದ್ದ ಆ ಮೂಲ, ಸಂಜೆ ಮನೆಗೆ ಬಂದು ಅಮ್ಮ ಕೊಟ್ಟ ಟೀ ಕುಡಿಯದೆ ಲೋಟ ಹಿಡಿದುಕೊಂಡು ಕೂತಿತ್ತು.

"ಅಕ್ಕ, ಇದನ್ನೆಲ್ಲ ಮಾಡಿದ್ದು ನಾನೇ" ಎಂದ.

"ನೀನು ಬೆನ್ನು ತೋರಿಸಿದೆ, ಅಷ್ಟೇ ಕಣೋ. ಮಿಕ್ಕಿದ್ದು ಅವರು ಮಾಡಿದ್ರು" ಎಂದಳು ಅಮ್ಮ. ಆದರೆ ಅವಳ ಕಣ್ಣು ಖಾಲಿ ಮೊಳೆಗಳ ಮೇಲಿತ್ತು.

ಮಾರನೆಯ ದಿನ ಮಾಮ ಸಂಪಾದಕರ ಕೋಣೆಗೆ ಹೋಗಿ ತಿದ್ದುಪಡಿ ಹಾಕಿ ಎಂದು ಕೇಳಿದ. ತಿದ್ದುಪಡಿಗೆ ಅವರು ಒಪ್ಪಲಿಲ್ಲ. ಪ್ರಶ್ನೆಚಿಹ್ನೆ ಇತ್ತಲ್ಲ, ಪ್ರಶ್ನೆ ಹೇಗೆ ತಪ್ಪಾಗುತ್ತದೆ ಎಂದರು. ಆದರೆ ಮನುಷ್ಯ ಕರುಣಾಳು. ಕೂಸಿನಮನೆಯ ಕಥೆ ಕೇಳಿ ಮರುಗಿದರು, ಮರುಗುತ್ತಾ ಅವರ ಕಣ್ಣು ಹೊಳೆಯಿತು. "ಭಾನುವಾರದ ಪುರವಣಿಗೆ ಒಂದು ಪುಟ ಬರೆಸೋಣ ಕಣಯ್ಯ. ನಿಮ್ಮಕ್ಕನ ದೊಡ್ಡ ಫೋಟೋ, ಮಕ್ಕಳ ಜೊತೆ. ಈಗ ಉಳಿದಿರೋ ಒಂದೇ ಮಗು ಇದೆಯಲ್ಲ, ಅದನ್ನ ಮಧ್ಯದಲ್ಲಿ ಕೂರಿಸು, ಸುತ್ತ ಖಾಲಿ ಕುರ್ಚಿ. ವಿಳಾಸನೂ ಹಾಕೋಣ, ಜನ ಬರ್ತಾರೆ" ಎಂದರು.

ಮಾಮ ಗೆದ್ದವನ ಹಾಗೆ ಮನೆಗೆ ಬಂದ. ಕ್ಯಾಮೆರಾ ಒರೆಸಿದ. ಬೆಳಕು ಎಲ್ಲಿಂದ ಬರಬೇಕು ಎಂದು ನೋಡುತ್ತಾ, "ಗುಬ್ಬಿ ಇಲ್ಲಿ ಕೂರಲಿ, ಮುಖ ಕಿಟಕಿ ಕಡೆ" ಎಂದ. ಅವನು ಯಾರದಾದರೂ ಮುಖ ಇರಲಿ ಎಂದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅಮ್ಮ ಬಾಗಿಲು ಮುಂದೆ ಮಾಡಿ, ಗುಬ್ಬಿಯ ಅಮ್ಮನ ವಿಷಯ ನಮ್ಮಿಬ್ಬರಿಗೂ ಹೇಳಿದಳು.

ಮಾಮ ಕ್ಯಾಮೆರಾದ ಕಣ್ಣಿಗೆ ಮುಚ್ಚಳ ಹಾಕಿ, "ಸರಿ ಬಿಡು" ಎಂದ. ನನಗೆ ಮಾತ್ರ ಸಿಟ್ಟು ಬಂತು. ಅವಳ ಗುಟ್ಟಿಗೆ ನಮ್ಮ ಕೂಸಿನಮನೆ ಯಾಕೆ ಮುಚ್ಚಬೇಕು ಎಂದು ಕೇಳಿಯೂಬಿಟ್ಟೆ. "ಅವಳು ನಂಬಿ ಹೇಳಿದ್ದು ಕಣೆ" ಎಂದಳು ಅಮ್ಮ, ಅದಕ್ಕಿಂತ ಹೆಚ್ಚು ವಿವರಿಸಲಿಲ್ಲ.

ಪುಟ ಬೇಡ ಎಂದು ಮಾಮ ಹೇಳಿದಾಗ ಸಂಪಾದಕರು ಕನ್ನಡಕದ ಮೇಲಿಂದ ನೋಡಿದರು. "ಯಾಕೆ ಬೇಡ?" "ಬೇಡ ಸರ್." "ಏನಾದ್ರೂ ಮುಚ್ಚಿಡ್ತಾ ಇದೀಯೇನಯ್ಯಾ?" "ಹೌದು ಸರ್" ಎಂದ ಮಾಮ. ಅಕ್ಕನ ತಮ್ಮನೇ ತಾನೇ, ಅವನಿಗೂ ಅರ್ಧ ಗಂಟೆ ಬೇಕು.

ಇನ್ನು ಉಳಿದದ್ದು ಒಂದೇ ದಾರಿ. ಭಾನುವಾರ ಸಂಜೆ ಎಲ್ಲ ತಂದೆತಾಯಿಯರನ್ನೂ ಮಾಮ ಮನೆಗೆ ಕರೆದ. ಉಗ್ರನನ್ನು ತೋರಿಸುತ್ತೇನೆ ಬನ್ನಿ ಎಂದೇ ಫೋನ್ ಮಾಡಿದ. ಬರದೆ ಇರಲು ಯಾರಿಗೂ ಮನಸ್ಸಾಗಲಿಲ್ಲ. ದೊಡ್ಡವರೆಲ್ಲ ಮಕ್ಕಳ ಪ್ಲಾಸ್ಟಿಕ್ ಕುರ್ಚಿಗಳ ಮೇಲೆ ಮೊಣಕಾಲು ಗಲ್ಲಕ್ಕೆ ತಾಗುವಂತೆ ಕೂತರು. ಮಾಮ ಪತ್ರಿಕೆಯನ್ನು ಗೋಡೆಗೆ ಅಂಟಿಸಿ, ಸ್ವೆಟರ್ ಹಾಕಿಕೊಂಡು, ಟೋಪಿ ಎಳೆದು, ಕಂಪ್ಯೂಟರಿನ ಮುಂದೆ ಬೆನ್ನು ಬಾಗಿಸಿ ಕೂತ. ಪರದೆ ಎಳೆದದ್ದು ನಾನು. ಹೋಲಿಸಿ ನೋಡಿ ಎಂದ. ಎಲ್ಲರೂ ಒಮ್ಮೆ ಗೋಡೆಯನ್ನು, ಒಮ್ಮೆ ಅವನನ್ನು ನೋಡಿದರು. ಟೈಮರ್ ಹೇಗೆ, ಹಸಿರು ಅಂಕಿ ಹೇಗೆ, ಬೀಗ ಎಲ್ಲಿಂದ ತಂದೆ, ಆಮೇಲೆ ಬೀಗಕ್ಕೆ ತಕ್ಕ ಸಾಲು ಹೇಗೆ ಹುಟ್ಟಿತು, ಒಂದೊಂದನ್ನೂ ಬಿಡದೆ ಹೇಳಿದ. ಸಾಂದರ್ಭಿಕ ಚಿತ್ರ ಎಂಬ ಅಕ್ಷರವನ್ನು ಭೂತಗನ್ನಡಿಯಲ್ಲಿ ತೋರಿಸಿದ. ಗುಂಡ ಮಧ್ಯೆ ನುಗ್ಗಿ ಉಗ್ರನ ಬೆನ್ನೇರಿ ಕೂತ. ಚಿನ್ನಿಯ ಅಮ್ಮ ಮೊದಲು ನಕ್ಕಳು, ಆಮೇಲೆ ಎಲ್ಲರೂ.

ಗುಂಡನ ಅಪ್ಪ ನಗಲಿಲ್ಲ. ಪತ್ರಿಕೆ ತನಗೆ ಹೀಗೆ ಮಾಡಿತಲ್ಲ ಎಂಬ ದುಃಖ ಅವನ ಮುಖದಲ್ಲಿತ್ತು, ನನಗೆ ಪಾಪ ಅನ್ನಿಸಿತು. "ಚಿತ್ರದ್ದು ಒಪ್ಕೊಂಡೆ ಅಣ್ಣ" ಎಂದ. "ಆದ್ರೆ ಮೆಸೇಜು ಯಾಕೆ ಮಾಯ ಆಗ್ಬೇಕು? ನಂದು ತಪ್ಪು ಅಂತಾದ್ರೂ ಹೇಳಿ, ಕಾರಣ ಹೇಳಿ. ನಮ್ಮ ಮಗು ಇಲ್ಲಿರುತ್ತೆ."

ಅದು ನ್ಯಾಯವಾದ ಪ್ರಶ್ನೆ. ನಗು ನಿಂತಿತು. ಅಮ್ಮ ಟವೆಲಿಗಾಗಿ ಕೈ ಆಡಿಸಿದಳು, ಹತ್ತಿರ ಟವೆಲಿರಲಿಲ್ಲ. "ಹೇಳೋಕಾಗಲ್ಲಪ್ಪ. ನೀವು ಬೇರೆ ಕಡೆ ಬಿಡೋದಾದ್ರೆ ನನಗೆ ಬೇಜಾರಿಲ್ಲ" ಎಂದಳು. ಬೇಜಾರು ಅವಳ ಧ್ವನಿಯಲ್ಲೇ ಇತ್ತು. ಒಬ್ಬೊಬ್ಬರಾಗಿ ಎದ್ದು ನಿಂತರು.

"ಕೂತ್ಕೊಳ್ಳಿ" ಎಂಬ ಮಾತು ಬಾಗಿಲ ಹತ್ತಿರದಿಂದ ಬಂತು. ಗುಬ್ಬಿಯ ಅಮ್ಮ. ಮಗಳನ್ನು ಸೊಂಟದ ಮೇಲೆ ಎತ್ತಿಕೊಂಡಿದ್ದಳು. "ಅದು ನನಗೋಸ್ಕರ ಮಾಡಿದ್ದು. ನಾನೇ ಕೇಳ್ಕೊಂಡಿದ್ದೆ. ನನ್ನ ಗಂಡನಿಗೆ ನಾವೆಲ್ಲಿದೀವಿ ಅಂತ ಗೊತ್ತಿಲ್ಲ, ಗೊತ್ತಾಗಬಾರದು. ಹಿಂದೆ ಒಂದು ಸಲ ಫೋಟೋ ನೋಡೇ ಹುಡುಕ್ಕೊಂಡು ಬಂದಿದ್ದ. ಆಮೇಲೆ ಇವಳ ಕೈ ಮುರಿದಿತ್ತು." ಗುಬ್ಬಿ ತನ್ನ ಕೈಯನ್ನು ತಾನೇ ತಿರುಗಿಸಿ ನೋಡಿಕೊಂಡಳು, ಯಾರದೋ ಕೈಯ ಕಥೆ ಎಂಬಂತೆ.

ಅಮ್ಮ ಎದ್ದು ಅವಳ ಹತ್ತಿರ ಹೋದಳು. "ನೀನು ಹೇಳಬಾರದಿತ್ತು ಕಣಮ್ಮ."

"ನೀವು ಹೇಳ್ಲಿಲ್ವಲ್ಲ ಅಕ್ಕ, ಅದಕ್ಕೇ ಹೇಳಿದೆ."

ಮಾಮ ಇನ್ನೂ ಟೋಪಿ ಹೊದ್ದುಕೊಂಡು ಗೋಡೆಯ ಕಡೆ ಮುಖ ಮಾಡಿ ಕೂತಿದ್ದ, ತಿರುಗಲಿಲ್ಲ. ಅವನು ಅಳುತ್ತಿದ್ದನೆಂದು ನನಗೆ ಬೆನ್ನು ನೋಡಿಯೇ ಗೊತ್ತಾಯಿತು. ಅಷ್ಟು ವರ್ಷ ಆ ಬೆನ್ನನ್ನು ನೋಡಿದ್ದೇನೆ. ಗುಂಡನ ಅಪ್ಪ ಗೋಡೆಯ ಪತ್ರಿಕೆಯನ್ನು ಬಿಡಿಸಿ ನಾಲ್ಕಾಗಿ ಮಡಚಿ ಜೇಬಿಗೆ ಹಾಕಿಕೊಂಡ. ಹೊರಡುವಾಗ ಅಮ್ಮನ ಮುಂದೆ ನಿಂತು, "ನಾಳೆ ಎಂಟಕ್ಕೆ ಗುಂಡನ್ನ ಬಿಡ್ತೀನಿ ಅಕ್ಕ. ಬೆಳಿಗ್ಗೆ ಸರಿಯಾಗಿ ತಿನ್ನಲ್ಲ ಅವನು, ಸ್ವಲ್ಪ ನೋಡ್ಕೊಳ್ಳಿ" ಎಂದ.

ಪೊಲೀಸರ ತನಿಖೆ ಮುಗಿಯಲು ತುಂಬಾ ದಿನ ಹಿಡಿಯಿತು. ಬಾಂಬಿಟ್ಟವರು ಒಂದೇ ಕೋಣೆಯಲ್ಲಿ ವಾಸವಾಗಿದ್ದರು, ಮಾತಾಡಲು ಅವರಿಗೆ ಆ್ಯಪ್ ಬೇಕಿರಲಿಲ್ಲ, ಹೊರಗಿದ್ದಾಗ ಸಾಮಾನ್ಯ ಫೋನಿನಲ್ಲೇ ಕರೆ ಮಾಡುತ್ತಿದ್ದರು ಎಂದು ಹೇಳಿಕೆ ಬಂತು. ನಮ್ಮ ಪತ್ರಿಕೆ ಅದನ್ನು ಒಳಪುಟದ ಮೂಲೆಯಲ್ಲಿ ಮೂರು ಸಾಲು ಹಾಕಿತು. ಪಕ್ಕದಲ್ಲಿ ಸ್ವಲ್ಪ ಜಾಗ ಉಳಿದಿತ್ತು. ಮಾಮ ರಜೆಯಲ್ಲಿದ್ದ, ಬೇರೆ ಯಾರೋ ಅವನ ಬೆನ್ನನ್ನೇ ಹಾಕಿದರು. ಬಾತುಕೋಳಿಗಳನ್ನು ಮಾತ್ರ ಕತ್ತರಿಸಿದ್ದರು.

ಅದೆಲ್ಲ ಆಮೇಲಿನ ಮಾತು. ಆ ಭಾನುವಾರದ ಮರುದಿನ ಚಾಪೆಗಳು ಅಟ್ಟದಿಂದ ಇಳಿದವು. ಮೊಳೆಗಳೆಲ್ಲ ತುಂಬಿದವು. ಮಕ್ಕಳು ಒಬ್ಬರನ್ನೊಬ್ಬರು ಕಂಡ ಖುಷಿಯಲ್ಲಿ ಕೋಣೆ ಹಾರಿಹೋಗುವಂತೆ ಕಿರುಚಿ, ರಜೆ ಹಾಕಿದ್ದ ಕರಡಿಯನ್ನು ಓಡಾಡಿಸಿ ಸುಸ್ತು ಮಾಡಿ, ತಾವೂ ಸುಸ್ತಾಗಿ ಮಧ್ಯಾಹ್ನ ಮಲಗಿದರು. ಅಮ್ಮ ಪರದೆ ಎಳೆಯುತ್ತಿದ್ದಾಗ ಫೋನು ಕುಂಯ್ ಎಂದಿತು. ಅವಳಿಗೆ ಕನ್ನಡಕ ಸಿಗಲಿಲ್ಲ, ಓದೇ ಎಂದು ನನಗೆ ಕೊಟ್ಟಳು.

'ಗುಂಡನ ಅಪ್ಪ ಮಾಯವಾಗುವ ಸಂದೇಶಗಳನ್ನು ಆನ್ ಮಾಡಿದ್ದಾರೆ.'

ಇನ್ನೊಂದು ಸಲ ಓದು ಎಂದಳು. ಓದಿದೆ. ಯಾವುದೋ ಮಗುವಿನ ಟವೆಲಿನಿಂದ ಕಣ್ಣು ಒರೆಸಿಕೊಂಡಳು. ಆಮೇಲೆ ಎಷ್ಟೋ ದಿನಗಳ ಮೇಲೆ ಫೋನ್ ಎತ್ತಿ ಒಂದು ಫೋಟೋ ತೆಗೆದು ಗುಂಪಿಗೆ ಹಾಕಿದಳು. ಮಕ್ಕಳೆಲ್ಲ ಸಾಲಾಗಿ ನಿದ್ದೆ. ನಡುವೆ ಟೋಪಿ ಜಾರಿದ ಮಾಮನೂ ಬಾಯಿ ತೆರೆದುಕೊಂಡು ಮಲಗಿದ್ದ, ಮುಖ ಪೂರ್ತಿ ಕ್ಯಾಮೆರಾದ ಕಡೆ. ಅವನ ಹೊಟ್ಟೆಯ ಮೇಲೆ ಗುಂಡನ ಕಾಲು, ಕಿವಿಯ ಹತ್ತಿರ ಗುಬ್ಬಿಯ ಕೈ. ಮಾಮನ ಮುಖ ಇದ್ದದ್ದು ಅದೊಂದೇ ಚಿತ್ರದಲ್ಲಿ. ಬಹಳ ಚೆನ್ನಾಗಿತ್ತು. ನಿಮಗೆ ತೋರಿಸೋಣ ಎಂದರೆ, ಮರುದಿನ ಮಧ್ಯಾಹ್ನಕ್ಕೇ ಅಳಿಸಿಹೋಯಿತು.